ನಾಗಮಲೆ ದಾರಿಯ ಊರು: ಇಂಡಿಗನತ್ತದಲ್ಲಿ ನಾಲ್ಕು ದಿನ

ಮೊದಲ ದಿನ

ಮಾದಪ್ಪ ನಮ್ಮ ಮನೆದೇವರು. ನನ್ನ ಮೊದಲ ಮುಡಿ ಕೊಟ್ಟಿದ್ದು ಮಲೆ ಮಹದೇಶ್ವರ ಬೆಟ್ಟದಲ್ಲೇ. ಆಮೇಲೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಬಸ್ಸಿಳಿಯುವುದು, ಅಂತರಗಂಗೆಯಲ್ಲಿ ಮೀಯುವುದು, ಧೂಪ ಹಾಕುವುದು, ಲಾಡು ಕಟ್ಟಿಸಿಕೊಂಡು ಸಂಜೆ ಬಸ್ಸಿಗೆ ವಾಪಸ್. ದೇವಸ್ಥಾನದ ಆಚೆಗೆ ಇರುವ ಬೆಟ್ಟಗಳಲ್ಲಿ ಊರುಗಳಿವೆ, ಮಾದಪ್ಪನಿಗೆ ಪೂಜೆ ಮಾಡುವವರ ಮನೆಗಳು ಅಲ್ಲೂ ಇವೆ ಅನ್ನುವುದು ನನಗೆ ಗೊತ್ತಾಗಿದ್ದು ಆಫೀಸಿನ ಗೆಳತಿಯೊಬ್ಬಳಿಂದ. ಅವಳು ಬೇಡಗಂಪಣ ಸಮುದಾಯದವಳು. ಬೆಟ್ಟದ ಸರದಿ ಅರ್ಚಕರು ಇದೇ ಸಮುದಾಯದವರು. ಅವಳ ದೊಡ್ಡವ್ವ, ಅಂದರೆ ತಾಯಿಯ ಅಕ್ಕ, ಇಂಡಿಗನತ್ತದಲ್ಲಿದ್ದಾರೆ. "ರಾಗಿ ಕೊಯ್ಲಿಗೆ ಹೋಗ್ತಿದ್ದೀನಿ, ಬರ್ತೀಯಾ?" ಅಂದಳು. ಅದು 2022ರ ಡಿಸೆಂಬರ್.

ಬೆಂಗಳೂರಿನಿಂದ ಸುಮಾರು 210 ಕಿಲೋಮೀಟರ್. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಹನೂರು. ಕೌದಳ್ಳಿ ದಾಟಿದ ಮೇಲೆ ಬೆಟ್ಟಗಳು ಒಂದರ ಹಿಂದೆ ಒಂದು ಎದ್ದು ನಿಲ್ಲುತ್ತವೆ. ತಾಳುಬೆಟ್ಟದಲ್ಲಿ ಒಂದಷ್ಟು ಜನ ಇಳಿದು, ಕಾಯಿ ಒಡೆದು, ಬರಿಗಾಲಲ್ಲಿ ಬೆಟ್ಟ ಹತ್ತಲು ಹೊರಟರು. ನಾವು ಬಸ್ಸಿನಲ್ಲೇ ತಿರುವುಗಳನ್ನು ಹತ್ತಿದೆವು. ರಾತ್ರಿ ಬೆಟ್ಟದಲ್ಲೇ ಗೆಳತಿಯ ಮನೆಯಲ್ಲಿ ಉಳಿದೆವು. 3000 ಅಡಿ ಎತ್ತರದ ಚಳಿ, ಕಂಬಳಿ ಸಾಲಲಿಲ್ಲ.

ಎರಡನೇ ದಿನ

ಬೆಟ್ಟದಿಂದ ಇಂಡಿಗನತ್ತಕ್ಕೆ ಏಳೆಂಟು ಕಿಲೋಮೀಟರ್ ದಾರಿ. ಅಲ್ಲಿಂದ ಮುಂದೆ ಮತ್ತಷ್ಟೇ ನಡೆದರೆ ನಾಗಮಲೆ. ಆ ವೇಳೆಗಾಗಲೇ ಕಾಡಿನ ಊರುಗಳಿಗೆ ಅರಣ್ಯ ಇಲಾಖೆ 'ಜನ-ವನ' ಅಂತ ಜೀಪುಗಳನ್ನು ಬಿಟ್ಟಿತ್ತು. ಖಾಸಗಿ ಜೀಪುಗಳೂ ಇದ್ದವು. ನಮಗೆ ಸಿಕ್ಕಿದ್ದು ಖಾಸಗಿ ಜೀಪು. ಒಳಗೆ ಹದಿನಾಲ್ಕು ಜನ, ಮೇಲೆ ಎರಡು ಮೂಟೆ ಸೊಸೈಟಿ ಅಕ್ಕಿ, ಒಂದು ಗ್ಯಾಸ್ ಸಿಲಿಂಡರ್, ಹಿಂದೆ ನೇತಾಡುವ ಇಬ್ಬರು ಹುಡುಗರು.

ಅದನ್ನು ರಸ್ತೆ ಅನ್ನಲು ಬಾಯಿ ಬರುವುದಿಲ್ಲ. ಮಳೆನೀರು ಕೊರೆದ ಕೊರಕಲು, ಬಂಡೆ, ಮತ್ತೆ ಕೊರಕಲು. ಜೀಪು ಒಂದು ಚಕ್ರ ಎತ್ತಿ ಮೂರು ಚಕ್ರದಲ್ಲಿ ಯೋಚನೆ ಮಾಡುತ್ತಾ ನಿಲ್ಲುತ್ತಿತ್ತು. ಎರಡು ಕಡೆ ನಾವೆಲ್ಲ ಇಳಿದು ನಡೆದೆವು. ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸು ಮಡಿಲಲ್ಲಿ ಏನನ್ನೋ ಬಹಳ ಜೋಪಾನವಾಗಿ ಹಿಡಿದಿದ್ದರು. ಏನು ಅಂತ ಕೇಳಿದೆ. ಅವರ ಅತ್ತೆಗೆ ಸಕ್ಕರೆ ಕಾಯಿಲೆ, ಒಂದು ತಿಂಗಳ ಮಾತ್ರೆ. ಎರಡು ದಿನದ ಕೂಲಿ ಬಿಟ್ಟು ತಂದಿದ್ದರು.

ಸುತ್ತ ಒಣಗುತ್ತಿರುವ ಕಾಡು. ಬಿದಿರು, ಹೊನ್ನೆ, ಬೆಟ್ಟದ ನೆಲ್ಲಿ. ನೆಲದಲ್ಲಿ ಎಲ್ಲಿ ನೋಡಿದರೂ ಲಂಟಾನ. ಮೊದಲು ಹುಲ್ಲು ಇದ್ದ ಕಡೆಯೆಲ್ಲ ಅದೇ ತುಂಬಿಕೊಂಡಿದೆ ಅಂದಳು ಗೆಳತಿ. ಹುಲ್ಲು ಹೋದರೆ ದನಕ್ಕೂ ಮೇವಿಲ್ಲ, ಜಿಂಕೆಗೂ ಇಲ್ಲ. ಆನೆ ಹೊಲಕ್ಕೆ ಬರುವುದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಊರಿನವರೂ ಹೇಳುತ್ತಾರೆ.

ಊರು ಕಾಣಿಸಿದ್ದು ಒಂದೇ ಸಲ. ದಿಣ್ಣೆ ಏರಿದೆವು, ಕೆಳಗೆ ಹಳದಿ ರಾಗಿ ಹೊಲಗಳು, ನಡುವೆ ಹೆಂಚಿನ ಮನೆಗಳು, ಅದರಾಚೆ ಮತ್ತೆ ಬೆಟ್ಟ. ಇದಕ್ಕೇ ಎಪ್ಪತ್ತೇಳು ಮಲೆ ಅನ್ನುತ್ತಾರೆ ಅಲ್ವಾ ಅಂತ ನಾನು ಬಾಯಿ ಬಿಟ್ಟುಕೊಂಡು ನಿಂತೆ. ಈ ಕಡೆ ಊರಿನ ಹೆಸರುಗಳೇ ಕಿವಿಗೆ ಹೊಸದು. ಇಂಡಿಗನತ್ತ, ಪಡಸಲನತ್ತ, ದೊಡ್ಡಾಣೆ, ತುಳಸಿಕೆರೆ, ಮೆದಗನಾಣೆ. ಪಕ್ಕದ ಮೆಂದಾರೆ ಸೋಲಿಗರ ಹಾಡಿ. ನೂರಾರು ವರ್ಷದಿಂದ ಬೆಟ್ಟದ ಮಡಿಲಲ್ಲಿ ಇರುವ ಊರುಗಳು ಇವು. 2013ರಲ್ಲಿ ಸುತ್ತಲಿನ 906 ಚದರ ಕಿಲೋಮೀಟರ್ ಕಾಡು ವನ್ಯಜೀವಿಧಾಮವಾಯಿತು. ಊರುಗಳು ಇದ್ದಲ್ಲೇ ಇವೆ, ಸುತ್ತಲಿನ ಕಾನೂನು ಬದಲಾಯಿತು.

"ಬಾ ಕೂಸು, ಕಾಲ್ಗೆ ನೀರ್ ತಕ್ಕೊ. ಮೊದ್ಲು ಉಂಡ್ಕೊ, ಮಾತು ಆಮೇಲೆ."

ದೊಡ್ಡವ್ವ ನನ್ನನ್ನು ನೋಡಿದ ಕೂಡಲೇ ಹೇಳಿದ ಮೊದಲ ಮಾತು ಇದು. ನಾನು ಯಾರು, ಯಾವ ಊರು, ಏನೂ ಕೇಳಲಿಲ್ಲ. ಬಿಸಿ ಹಿಟ್ಟು (ಮುದ್ದೆಗೆ ಇಲ್ಲಿ ಹಾಗೇ ಅನ್ನುವುದು), ಎಳೆ ಅವರೆಕಾಳಿನ ಸಾರು, ಹುಚ್ಚೆಳ್ಳಿನ ಚಟ್ನಿ. ಎರಡನೇ ಹಿಟ್ಟು ಬೇಡ ಅಂದಿದ್ದಕ್ಕೆ ಅವರಿಗೆ ನಿಜವಾಗಿ ಬೇಜಾರಾಯಿತು.

ಮನೆಯಲ್ಲಿ ಆರು ಜನ. ದೊಡ್ಡವ್ವ, ದೊಡ್ಡಯ್ಯ, ಮಗ, ಸೊಸೆ, ನಾಲ್ಕನೇ ಕ್ಲಾಸಿನ ಮೊಮ್ಮಗಳು, ಅವಳ ಪುಟ್ಟ ತಂಗಿ. ಸೊಸೆಗೆ ಏಳು ತಿಂಗಳು ತುಂಬಿತ್ತು.

ಸಂಜೆ ನೀರು ತರಲು ಅವರ ಜೊತೆ ಹೋದೆ. ತೊಂಬೆಯಲ್ಲಿ ಆ ದಿನ ನೀರಿತ್ತು. "ಈಗೇನೋ ಅದೆ. ಶಿವರಾತ್ರಿ ಕಳೀಲಿ, ಆಗ ನೋಡ್ಬೇಕು ನಮ್ಮ ಪಾಡ" ಅಂದರು ಸೊಸೆ. ಬೇಸಿಗೆಯಲ್ಲಿ ಹಳ್ಳದ ಒಸರಿಗೆ ಹೋಗಬೇಕು. ಅದೇ ಒಸರಿಗೆ ಕಾಡುಪ್ರಾಣಿಗಳೂ ಬರುತ್ತವೆ. ಹಾಗಾಗಿ ಬಿಸಿಲು ನೆತ್ತಿಗೆ ಬಂದ ಮೇಲೇ ಹೆಂಗಸರು ಗುಂಪಾಗಿ ಹೋಗುವುದು. ಬಿಂದಿಗೆ ನನ್ನ ಸೊಂಟದಲ್ಲಿ ನಿಲ್ಲಲಿಲ್ಲ. ಮೊಮ್ಮಗಳೇ ಇಸಿದುಕೊಂಡು ತಲೆ ಮೇಲೆ ಇಟ್ಟುಕೊಂಡಳು, ಕೈಬಿಟ್ಟು ನಡೆದಳು.

"ದೀಪಾವಳೀಲಿ ಹಾಲರವಿ ಹೊತ್ತಿದ್ದೆ, ಇದೇನ್ ಮಹಾ" ಅಂದಳು.

ದೀಪಾವಳಿ ಜಾತ್ರೆಯಲ್ಲಿ ಬೇಡಗಂಪಣರ 101 ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನೊಳಗಿನ ಹಾಲಹಳ್ಳದಿಂದ ಕಳಶದಲ್ಲಿ ನೀರು ಹೊತ್ತು ತರುತ್ತಾರೆ. ಇದೇ ಹಾಲರವಿ. ಆ ನೀರಿನಿಂದಲೇ ಮಾದಪ್ಪನಿಗೆ ಅಭಿಷೇಕ. ನಾನು ಅದನ್ನು ಟಿವಿಯಲ್ಲಿ ನೋಡಿದ್ದೆ, ಸಾಲುಸಾಲು ಪುಟ್ಟ ಹುಡುಗಿಯರು, ತಲೆ ಮೇಲೆ ಹೂ ಸುತ್ತಿದ ಕಳಶ. ಆ ಸಾಲಿನಲ್ಲಿದ್ದವಳು ಈಗ ನನ್ನ ಮುಂದೆ ಪ್ಲಾಸ್ಟಿಕ್ ಬಿಂದಿಗೆ ಹೊತ್ತು ನಡೆಯುತ್ತಿದ್ದಳು. ಕಾಲು ನೋಯಲಿಲ್ವಾ ಅಂದೆ. "ಮಾದಪ್ಪ ಹೊತ್ಕತ್ತಾನೆ" ಅಂದಳು, ಅದರಲ್ಲಿ ಯಾವ ಅನುಮಾನವೂ ಇಲ್ಲದ ಹಾಗೆ.

ಊರಿಗೆ ಕಂಬದ ಕರೆಂಟ್ ಇರಲಿಲ್ಲ. ಸೋಲಾರ್ ದೀಪ ಎಂಟು ಗಂಟೆಗೆ ಮಂಕಾಯಿತು. ಮೋಡ ಕವಿದ ದಿನಗಳಲ್ಲಿ ಅದೂ ಇಲ್ಲ. ಮೊಮ್ಮಗಳು ಒಲೆಯ ಬೆಳಕಿಗೆ ಪುಸ್ತಕ ತಿರುಗಿಸಿ ಮಗ್ಗಿ ಓದಿದಳು.

ಮೂರನೇ ದಿನ

ಬೆಳಗ್ಗೆ ಇಬ್ಬನಿ ಆರುವ ಮುಂಚೆ ಹೊಲಕ್ಕೆ ಹೋದೆವು. ಇಬ್ಬನಿಯಲ್ಲಿ ಕೊಯ್ದರೆ ತೆನೆ ಉದುರುವುದಿಲ್ಲ ಅನ್ನುವ ಲೆಕ್ಕ. ನನ್ನ ಕೈಗೆ ಕುಡ್ಲು ಕೊಟ್ಟರು. ಅರ್ಧ ಗಂಟೆಗೆ ಬೆರಳು ಕೊಯ್ದುಕೊಂಡೆ. ದೊಡ್ಡವ್ವ ಯಾವುದೋ ಸೊಪ್ಪು ಜಜ್ಜಿ ರಸ ಬಿಟ್ಟು, "ಹೋಗು, ಕಟ್ಟು ಕಟ್ಟು" ಅಂದರು. ಆಮೇಲೆ ನನ್ನ ಕೆಲಸ ಸಿವುಡು ಕಟ್ಟುವುದಷ್ಟೇ.

ಮಳೆ ಬಿದ್ದರೆ ಬೆಳೆ, ಇಲ್ಲವಾದರೆ ಇಲ್ಲ. ರಾಗಿ ಸಾಲಿನ ನಡುವೆ ಅವರೆ, ಅಂಚಿಗೆ ಹುಚ್ಚೆಳ್ಳು, ಒಂದು ಮೂಲೆಯಲ್ಲಿ ಜೋಳ. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಅಂತ. ಮಾರಾಟಕ್ಕೆ ಹೋಗುವುದು ಕಡಿಮೆ. ಮಾರಿದರೂ ಜೀಪಿನ ಬಾಡಿಗೆ ಕಳೆದು ಕೈಗೆ ಉಳಿಯುವುದೆಷ್ಟು? ಆ ಲೆಕ್ಕವನ್ನು ದೊಡ್ಡಯ್ಯನ ಮಗ ನನಗೆ ಮಣ್ಣಿನ ಮೇಲೆ ಕಡ್ಡಿಯಲ್ಲಿ ಬರೆದು ತೋರಿಸಿದ. ಚೀಲ ಹೊತ್ತು ಬೆಟ್ಟಕ್ಕೆ ನಡೆದರೆ ಮಾತ್ರ ಲಾಭ. ಅವನು ನಡೆಯುತ್ತಾನೆ.

ದನಗಳು ಕಾಡಿನ ಅಂಚಿನಲ್ಲಿ ಮೇಯುತ್ತಿದ್ದವು. ಕೆಂಪು ಮೈಗೆ ಸುಣ್ಣ ಎರಚಿದ ಹಾಗೆ ಬಿಳಿ ಮಚ್ಚೆ. ಗಡಿಯಾಚೆ ತಮಿಳುನಾಡಿನ ಬರಗೂರು ಬೆಟ್ಟದ ತಳಿ. ಕಡಿದಾದ ಗುಡ್ಡವನ್ನು ಮೇಕೆಯ ಹಾಗೆ ಹತ್ತುತ್ತವೆ. ಹಾಲು ಕಡಿಮೆ, ಗೊಬ್ಬರಕ್ಕೇ ಸಾಕುವುದು. ಇಲ್ಲಿಯ ರಾಗಿ ನಿಂತಿರುವುದು ಆ ಗೊಬ್ಬರದ ಮೇಲೆ.

ಮಧ್ಯಾಹ್ನ ನೆರಳಲ್ಲಿ ಕೂತಾಗ ದೊಡ್ಡವ್ವ ತಾವಾಗೇ ಮಾತು ತೆಗೆದರು. ಆರು ಹೆತ್ತರಂತೆ. "ನಾಲ್ಕು ಉಳ್ಕಂಡೊ." ಎಲ್ಲ ಮನೆಯಲ್ಲೇ. ಸೂಲಗಿತ್ತಿ ಮೆಂದಾರೆಯಿಂದ ಬರುತ್ತಿದ್ದಳು. ಐದನೆಯದಕ್ಕೆ ಮಗು ಅಡ್ಡ ತಿರುಗಿತು. ಕಂಬಳಿಗೆ ಎರಡು ಗಳ ಕಟ್ಟಿ ಡೋಲಿ ಮಾಡಿ ಹೊತ್ತುಕೊಂಡು ಹೋದರು. ಅರ್ಧ ದಾರಿಯಲ್ಲಿ ಆನೆ ಹಿಂಡು. ಒಂದು ತಾಸು ಬಂಡೆಯ ಮರೆಯಲ್ಲಿ ಇಳಿಸಿ ಕಾದರು.

"ನಾನು ಉಳ್ಕಂಡೆ. ಕೂಸು ಉಳೀಲಿಲ್ಲ."

ಆಮೇಲೆ ಅವರು ಸಂಕಮ್ಮನ ಕತೆ ಹೇಳಿದರು. ಸೋಲಿಗರ ನೀಲಯ್ಯನ ಹೆಂಡತಿ. ಮಕ್ಕಳಿಲ್ಲದ ಸಂಕಮ್ಮನಿಗೆ ಮಾದಪ್ಪ ವರ ಕೊಟ್ಟು ಕಾರಯ್ಯ, ಬಿಲ್ಲಯ್ಯ ಹುಟ್ಟಿದ್ದು. ನಾನು ಈ ಕತೆಯನ್ನು ಕಂಸಾಳೆಯವರ ಬಾಯಲ್ಲಿ ಕೇಳಿದ್ದೆ. ಕಾಡಿನಲ್ಲಿ ಒಬ್ಬಳೇ ಇದ್ದ ಬಸುರಿ ಹೆಂಗಸಿನ ಕತೆ ಅದು ಅಂತ ಅವತ್ತಿನವರೆಗೆ ಹೊಳೆದಿರಲಿಲ್ಲ.

ಇದೆಲ್ಲ ಹಳೆಯ ಕಾಲದ ಮಾತು ಅಂದುಕೊಳ್ಳಬೇಡಿ. ಅದೇ 2022ರ ಮಳೆಗಾಲದಲ್ಲಿ ದೊಡ್ಡಾಣೆಯಿಂದ ಗರ್ಭಿಣಿಯೊಬ್ಬರನ್ನು ಡೋಲಿಯಲ್ಲಿ ಹೊತ್ತು, ಕಾಡು ದಾಟಿಸಿ ಸೂಳ್ವಾಡಿಗೆ ತಂದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಜೀಪು ಬಂದಿದೆ, ಒಳ್ಳೆಯದೇ. "ಹಗಲೊತ್ತಾದ್ರೆ ಎಂಗೋ ಆಯ್ತದೆ. ರಾತ್ರಿಗೆ ಏನ್ ಮಾಡೋದು ಹೇಳು?" ಅಂದರು ದೊಡ್ಡವ್ವ. ಫೋನ್ ಮಾಡಬೇಕಾದರೂ ಊರ ಮೇಲಿನ ಬಂಡೆ ಹತ್ತಬೇಕು. ಅಲ್ಲಿ ಒಂದು ಮೂಲೆಯಲ್ಲಿ ನಿಂತರೆ ಮಾತ್ರ ಸಿಗ್ನಲ್. ಅದಕ್ಕೇ ಸೊಸೆಯನ್ನು ದಿನ ತುಂಬಲು ಒಂದು ತಿಂಗಳು ಇರುವಾಗಲೇ ಬೆಟ್ಟಕ್ಕೆ, ನೆಂಟರ ಮನೆಗೆ ಕಳಿಸುವುದು ಅಂತ ತೀರ್ಮಾನವಾಗಿತ್ತು. ಆ ಒಂದು ತಿಂಗಳು ಇಬ್ಬರು ಹೆಣ್ಣುಮಕ್ಕಳನ್ನು ನೋಡಿಕೊಳ್ಳುವುದು, ನೀರು, ದನ, ಒಲೆ ಎಲ್ಲ ದೊಡ್ಡವ್ವನ ಪಾಲಿಗೆ. ಅವರ ಮಂಡಿ ಆಗಲೇ ಊದಿಕೊಂಡಿತ್ತು.

ರಾತ್ರಿ ಅಟ್ಟಣೆಗೆ ಹೋದೆವು. ಕೊಯ್ದ ರಾಗಿ ಇನ್ನೂ ಹೊಲದಲ್ಲೇ ಇತ್ತು. ನಾನು, ಗೆಳತಿ, ದೊಡ್ಡಯ್ಯ. ಮರದ ಮೇಲೆ ಬಿದಿರಿನ ಹಾಸು, ಮೇಲೊಂದು ಹುಲ್ಲಿನ ಸೂರು, ಕೆಳಗೆ ಕೊಳ್ಳಿ ಬೆಂಕಿ. ದೊಡ್ಡಯ್ಯನ ಕೈಯಲ್ಲಿ ಒಂದು ಟಾರ್ಚು, ಒಂದು ತಗಡಿನ ಡಬ್ಬ. ಅಕ್ಕಪಕ್ಕದ ಹೊಲಗಳಿಂದಲೂ ಆಗಾಗ ಕೂಗು. ಒಬ್ಬರು ಕೂಗಿದರೆ ಇನ್ನೊಬ್ಬರು ಓಗೊಡಬೇಕು. ನಿದ್ದೆ ಬಂದಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ದೊಡ್ಡಯ್ಯ ಕಾಡುಗಳ್ಳ ವೀರಪ್ಪನ್ ಕಾಲದ ಮಾತಾಡಿದರು. ಬೆಂಕಿಯನ್ನೇ ನೋಡುತ್ತಾ, ನಿಧಾನವಾಗಿ. "ಕಾಡೊಳಗಿಂದ ಬಂದೋರ್ಗೂ ಹೆದ್ರಬೇಕು, ಹೊರಗಿಂದ ಬಂದೋರ್ಗೂ ಹೆದ್ರಬೇಕು. ದನ ಮೇಯ್ಸಕ್ಕೆ ಹೋದೋನು ಸಂಜೆ ಬರೋಗಂಟ ಒಲೆ ಹಚ್ತಿರ್ನಿಲ್ಲ ಇವ್ಳು." ವೀರಪ್ಪನ್ ಸತ್ತಿದ್ದು 2004ರ ಅಕ್ಟೋಬರ್ 18ರಂದು. ಅಲ್ಲಿವರೆಗಿನ ಇಪ್ಪತ್ತು ವರ್ಷ ಹೊರಗಿನ ಲೋಕ ಇವರನ್ನು ಅನುಮಾನದಿಂದಲೇ ನೋಡಿತು. ಶಾಲೆ, ರಸ್ತೆ, ನೀರು ಕೇಳಬೇಕಾದ ಹೊತ್ತಿನಲ್ಲಿ ಇವರು ಬಾಯಿ ಮುಚ್ಚಿಕೊಂಡು ಇರಬೇಕಾಯಿತು. ಆ ಹಿಂದೆ ಬಿದ್ದಿದ್ದು ಇನ್ನೂ ಪೂರ್ತಿ ತುಂಬಿಲ್ಲ ಅಂತ ನನಗೆ ಅನಿಸಿದ್ದು ಆ ಅಟ್ಟಣೆಯ ಮೇಲೆ.

ನಡುರಾತ್ರಿ ದಾಟಿರಬೇಕು. ಬಿದಿರು ಮುರಿದ ಸದ್ದು. ದೊಡ್ಡಯ್ಯ ನನ್ನ ತೋಳು ಹಿಡಿದು, "ಗಣಪ ಬಂದವ್ನೆ. ಮಾತಾಡ್ಬೇಡಿ" ಅಂದರು. ಅವರು ಆ ರಾತ್ರಿ ಒಮ್ಮೆಯೂ ಆನೆ ಅನ್ನಲಿಲ್ಲ. ಡಬ್ಬ ಬಡಿಯಲೂ ಇಲ್ಲ, ಟಾರ್ಚು ಹಾಕಲೂ ಇಲ್ಲ. ಎದ್ದು ನಿಂತು, ಮಗನಿಗೆ ಬುದ್ಧಿ ಹೇಳುವ ದನಿಯಲ್ಲಿ, "ನಿಂಗೆ ಕಾಡದೆ, ನಮಗಿದೊಂದೇ. ಹೋಗಪ್ಪ, ಹೋಗು" ಅಂದರು. ಎರಡು ಸಲ. ನನ್ನ ಎದೆ ಬಡಿಯುವುದು ನನಗೇ ಕೇಳುತ್ತಿತ್ತು. ಕತ್ತಲಲ್ಲಿ ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಿದಿರಿನ ಸದ್ದು ದೂರ ಹೋಯಿತು. ಇನ್ನೊಂದು ಹೊಲದಿಂದ ಡಬ್ಬದ ಸದ್ದು ಶುರುವಾಯಿತು.

"ಪ್ರತಿ ಸಲ ಹಿಂಗೇ ಹೋಗಾಕಿಲ್ಲ" ಅಂದರು. ಹಿಂದಿನ ವರ್ಷ ಅರ್ಧ ಹೊಲ ಹೋಗಿತ್ತು.

ನಾಲ್ಕನೇ ದಿನ

ಬೆಳಗ್ಗೆ ನಾಗಮಲೆಗೆ ಹೋಗಿ ಬಂದೆವು. ಹೆಡೆ ಎತ್ತಿದ ಹಾಗೆ ನಿಂತಿರುವ ಬಂಡೆ, ಅದರ ಕೆಳಗೆ ಲಿಂಗ. ಮೇಲಿಂದ ಕಾಣುವ ಬೆಟ್ಟಸಾಲಿನ ಬಗ್ಗೆ ಹೋಗಿ ಬಂದವರೆಲ್ಲ ಹೇಳುತ್ತಾರೆ, ನಾನು ಮತ್ತೆ ಹೇಳುವುದಿಲ್ಲ. ದಾರಿಯಲ್ಲಿ ಕಂಡ ಖಾಲಿ ನೀರಿನ ಬಾಟಲಿಗಳ ಬಗ್ಗೆ ಮಾತ್ರ ಹೇಳಬೇಕು. ಎರಡು ಚೀಲ ತುಂಬ ಆರಿಸಿದೆವು, ಇನ್ನೂ ಇದ್ದವು. ಬರುವವರು ಊರಿನವರ ಮಜ್ಜಿಗೆ ಕುಡಿದು ಹೋಗುತ್ತಾರೆ. ಬಾಟಲಿ ಇಲ್ಲೇ ಉಳಿಯುತ್ತದೆ, ದನ ಅದನ್ನು ಅಗಿಯುತ್ತದೆ.

ಹಿಂತಿರುಗುವಾಗ ಶಾಲೆಯ ಮೇಷ್ಟ್ರು ಜೊತೆಯಾದರು. ಬೆಟ್ಟದಿಂದ ಬಂದು ಹೋಗುವವರು. ರಸ್ತೆ ಯಾಕಾಗಿಲ್ಲ ಅಂತ ಕೇಳಿದೆ. ವನ್ಯಜೀವಿಧಾಮದೊಳಗೆ ಒಂದು ಕಲ್ಲು ಎತ್ತಿಡಲೂ ಅನುಮತಿ ಬೇಕು, 1972ರ ವನ್ಯಜೀವಿ ಕಾಯ್ದೆ ಹಾಗಿದೆ ಅಂದರು. ಕಾಡು ಉಳಿಯಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ. ಅವರಿಗೂ ಇರಲಿಲ್ಲ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಒಂದು ದಾರಿ ಇದೆ. ಗ್ರಾಮಸಭೆ ಶಿಫಾರಸು ಮಾಡಿದರೆ ಶಾಲೆ, ಆಸ್ಪತ್ರೆ, ಕುಡಿಯುವ ನೀರು, ರಸ್ತೆಯಂಥ ಕೆಲಸಕ್ಕೆ ಒಂದೊಂದು ಕಡೆ 1 ಹೆಕ್ಟೇರಿಗಿಂತ ಕಡಿಮೆ ಕಾಡಿನ ಜಾಗ ಕೊಡಬಹುದು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಇದೇ ಕಾಯ್ದೆಯಲ್ಲಿ ಜಮೀನಿನ ಹಕ್ಕು ಕೇಳಬೇಕಾದರೆ, ಪರಿಶಿಷ್ಟ ಪಂಗಡಕ್ಕೆ ಸೇರದ ಬೇಡಗಂಪಣರಂಥವರು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲೇ ಇದ್ದದ್ದಕ್ಕೆ ಪುರಾವೆ ಕೊಡಬೇಕು. "ಇವರ ಪುರಾವೆ ಮಾದಪ್ಪನ ಪೂಜೆ. ಅದಕ್ಕೆ ಸೀಲ್ ಹಾಕಿಕೊಡೋರು ಯಾರು?" ಅಂದರು ಮೇಷ್ಟ್ರು. ಇವರು ಕೇಳುತ್ತಿರುವುದು ಡಾಂಬರಿನ ಜೋಡಿ ರಸ್ತೆಯನ್ನಲ್ಲ. ರಾತ್ರಿ ಒಂದು ಆಂಬುಲೆನ್ಸ್ ಚಕ್ರ ಮುರಿಯದೆ ಬರುವಷ್ಟು ದಾರಿ ಸಾಕು. ಅದನ್ನು ಕೊಟ್ಟರೆ ಕಾಡು ಹಾಳಾಗುತ್ತದೆ ಅಂತ ನನಗೆ ಅನಿಸುವುದಿಲ್ಲ.

ಹೊರಡುವಾಗ ದೊಡ್ಡವ್ವ ಒಂದು ಸೇರು ಹುಚ್ಚೆಳ್ಳು ಕಟ್ಟಿಕೊಟ್ಟರು. ಅವರ ಮನೆಗೇ ಸಾಲದ ಹುಚ್ಚೆಳ್ಳು ಅದು. ಬೇಡ ಅನ್ನುವ ಧೈರ್ಯ ಬರಲಿಲ್ಲ. ಜೀಪು ಬರಲಿಲ್ಲ, ನಡೆದೇ ಬೆಟ್ಟ ಸೇರಿದೆವು. ಮೂರು ತಾಸು. ಆ ದಾರಿಯಲ್ಲಿ ಹೆಗಲ ಮೇಲೆ ಗಳ ಹೊತ್ತು ನಡೆಯುವುದು ಹೇಗಿರಬಹುದು ಅಂತ ಪ್ರತಿ ಇಳಿಜಾರಿನಲ್ಲೂ ಯೋಚಿಸಿದೆ.

ಆಮೇಲೆ

2024ರ ಏಪ್ರಿಲ್ 26ರಂದು, ಲೋಕಸಭಾ ಚುನಾವಣೆಯ ದಿನ, ಟಿವಿಯಲ್ಲಿ ಇಂಡಿಗನತ್ತದ ಹೆಸರು ಬಂತು. ಮೂಲಸೌಕರ್ಯ ಕೊಡಲಿಲ್ಲ ಅಂತ ಮತದಾನ ಬಹಿಷ್ಕಾರ, ಗಲಾಟೆ, ಮತಗಟ್ಟೆ ಪುಡಿಪುಡಿ. 29ಕ್ಕೆ ಮರುಮತದಾನವಾಯಿತು. ಒಡೆದಿದ್ದು ಸರಿಯಲ್ಲ. ಆದರೆ ಆ ಊರಿನ ಚಿತ್ರ ಟಿವಿಯಲ್ಲಿ ನಾನು ಮೊದಲ ಸಲ ನೋಡಿದ್ದೇ ಆವತ್ತು, ಅದೂ ಹಾಗೆ. ನನಗೆ ತುಂಬ ಸಂಕಟವಾಯಿತು. ಮರುವರ್ಷ ಏಪ್ರಿಲ್ 24ರಂದು ರಾಜ್ಯ ಸಚಿವ ಸಂಪುಟದ ಸಭೆ ಬೆಟ್ಟದಲ್ಲೇ ನಡೆಯಿತು. ಇಡೀ ಸರ್ಕಾರ ಮಾದಪ್ಪನ ಬೆಟ್ಟಕ್ಕೆ ಬಂದಿದೆ ಅಂತ ಊರಿನವರು ಎಷ್ಟು ಆಸೆ ಇಟ್ಟುಕೊಂಡಿದ್ದರು ಅಂತ ಗೆಳತಿ ಹೇಳಿದಳು.

ಕಳೆದ ದೀಪಾವಳಿ ಮುಗಿದ ವಾರ ಒಂದು ಫೋನ್ ಬಂತು. ಗಾಳಿಯ ಸದ್ದೇ ಜಾಸ್ತಿ. ಬಂಡೆಯ ಮೇಲಿಂದ ಮೊಮ್ಮಗಳು. ಈಗ ಅವಳು ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ಹಬ್ಬದ ರಜೆಗೆ ಊರಿಗೆ ಬಂದಿದ್ದಳು. ಅಂದು ಹೊಟ್ಟೆಯಲ್ಲಿದ್ದ ತಮ್ಮ ಆಸ್ಪತ್ರೆಯಲ್ಲೇ ಹುಟ್ಟಿದ, ಈಗ ದನದ ಹಿಂದೆ ಓಡುತ್ತಾನೆ. ದೊಡ್ಡವ್ವನ ಮಂಡಿ ಹಾಗೇ ಇದೆ. ಈ ಸಲ ರಾಗಿ ಚೆನ್ನಾಗಿದೆ, ಆನೆ ಇನ್ನೂ ಬಂದಿಲ್ಲ.

"ಹಾಲರವಿ?" ಅಂದೆ.

"ನಾನು ದೊಡ್ಡೋಳಾದೆ ಅಲ್ವಾ ಆಂಟಿ. ತಂಗಿ ಹೊತ್ಲು. ಒಂದು ತೊಟ್ಟೂ ಚೆಲ್ಲಲಿಲ್ಲ" ಅಂದಳು. ಇನ್ನೂ ಏನೋ ಹೇಳುತ್ತಿದ್ದಳು. ಗಾಳಿ ಜೋರಾಯಿತು, ಸಿಗ್ನಲ್ ಹೋಯಿತು.